ರೈಸ್ ಮಿಲ್ ಮ್ಯಾನೇಜರ್‌ಗಳಿಗೆ ಸಾಫ್ಟ್‌ವೇರ್ ರೂಢಿ ಮಾಡಿಸಿದ್ದು – ನನ್ನ ಅನುಭವ

ಗಂಗಾವತಿ, ಕಾರಟಗಿ ಕಡೆ ರೈಸ್ ಮಿಲ್ಲುಗಳಿಗೆ ಲೆಕ್ಕದ ಸಾಫ್ಟ್‌ವೇರ್ ಹಾಕಿಸೋ ಕೆಲಸ ನಂದು. ಎಲ್ಲಾರೂ ಮೊದ್ಲು ಕಂಪ್ಯೂಟರ್ ಮುಂದ ಕೂರೋ ಹುಡುಗ್ರಿಗೆ ಟ್ರೇನಿಂಗ್ ಕೊಡ್ತಾರ, ನಾನು ಹಂಗ ಮಾಡಂಗಿಲ್ಲ. ಹುಡುಗ್ರು ಜಲ್ದಿ ಕಲೀತಾರ, ಕೆಲಸ ನಿಲ್ಲೋದು ಮ್ಯಾನೇಜರ್ ಹತ್ರ. ಅವ್ರೇನು ಬ್ಯಾಡ ಅಂತ ಬಾಯಿಬಿಟ್ಟು ಹೇಳಂಗಿಲ್ಲ ಬಿಡ್ರಿ, "ಆಗ್ಲಿ ನೋಡೂಣು" ಅಂತಾರ, ಸಂಜೀಕ ಗುಮಾಸ್ತನ್ನ ಕರದು "ಆ ಲೆಕ್ಕದ ಪುಸ್ತಕ ತಗೊಂಬಾ" ಅಂತಾರ. ಅವ್ರು ಪುಸ್ತಕ ಕೇಳೋತನಕ ಹುಡುಗ್ರು ಪುಸ್ತಕನ ಬರೀತಾರ, ಕಂಪ್ಯೂಟರ್‌ನಾಗ ಯಾವಾಗರ ತುಂಬಿದ್ರಾತು ಅಂತ ಬಿಡ್ತಾರ.

ಮ್ಯಾನೇಜರ್ ಹಂಗ್ಯಾಕ ಮಾಡ್ತಾರ ಅಂದ್ರ ಯಾವ ರೈತನ ಭತ್ತ ಯಾವ ಲಾಟ್‌ನಾಗ (ಒಟ್ಟಿಗೆ ಮಿಲ್ ಮಾಡೋ ರಾಶ್ಯಾಗ) ಐತಿ, ಯಾರಿಗೆ ಎಷ್ಟು ಅಡ್ವಾನ್ಸ್ ಹೋಗೈತಿ, ಯಾವ ದಲಾಲಿ ಚೀಲ ವಾಪಸ್ ಕೊಟ್ಟಿಲ್ಲ, ಎಲ್ಲಾ ಅವ್ರ ತಲ್ಯಾಗ ಇರ್ತೈತಿ, ಅವ್ರ ಕಿಮ್ಮತ್ತೂ ಅದ್ರಾಗ ಐತಿ. ಅದೆಲ್ಲಾ ಮಿಲ್ ಮಾಲೀಕ ಸಾವ್ಕಾರ್ರ ಮೊಬೈಲ್‌ನಾಗ ಕಾಣಾಕ ಹತ್ತಿದ್ರ ನಂದೇನು ಉಳೀತು ಅನ್ನೋ ಅಳುಕು, ಇದು ತಪ್ಪೇನಲ್ಲ.

ಅದಕ್ಕ ನಾನು ಹಮಾಲ್ರು ಹೋದಮ್ಯಾಲ ಮ್ಯಾನೇಜರ್ ಒಬ್ರ ಜೋಡಿ ಕೂರ್ತೀನಿ. ಹುಡುಗ್ರ ಮುಂದ "ಇದನ್ನ ಒತ್ತಿದ್ರ ಏನಾಗ್ತೈತಿ" ಅಂತ ಕೇಳಾಕ ಯಾವ ಹಿರೇರಿಗೂ ಮನಸ್ಸು ಬರಂಗಿಲ್ಲ. ಮೌಸ್ ನಾನು ಮುಟ್ಟಂಗಿಲ್ಲ, ಎಷ್ಟೊತ್ತಾದ್ರೂ ಅವ್ರ ಕೈಯಾಗ. ಮೊದ್ಲ ಕೇಳೋದು ಒಂದ ಮಾತು: "ಅಣ್ಣಾರ, ಸಾವ್ಕಾರ್ರು ದಿನಾ ನಿಮಗ ಏನು ಕೇಳಿ ಬೈತಾರ?" ಬಾಳ ಮಂದಿ ಹೇಳೋದು ಇಳುವರಿ. ಸರ್ಕಾರಕ್ಕ ಭತ್ತ ಮಿಲ್ಲಿಂಗ್ ಮಾಡಿಕೊಡೋವಾಗ ಕ್ವಿಂಟಾಲ್‌ಗೆ 67 ಕೆಜಿ ಬೆಳ್ತಿಗಿ ಅಕ್ಕಿ, ಭತ್ತ ಕುದಿಸಿ ಮಾಡೋ ಕುಸುಬಲಕ್ಕಿ ಆದ್ರ 68 ಕೆಜಿ ಕೊಡ್ಬೇಕು, ಕಡಿಮಿ ಬಿದ್ರ ಮೊದ್ಲು ಬೈಸ್ಕೊಳ್ಳೋದು ಮ್ಯಾನೇಜರ್. ಅದಕ್ಕ ಬ್ಯಾರೆ ಎಲ್ಲಾ ಬಿಟ್ಟು ಲಾಟ್ ಪ್ರಕಾರ ಭತ್ತ ಎಷ್ಟು, ಮಾಯಿಶ್ಚರ್ (ತೇವಾಂಶ) ಎಷ್ಟು, ಅಕ್ಕಿ, ನುಚ್ಚು, ತೌಡು ಎಷ್ಟು ಅನ್ನೋ ಒಂದ ರಿಪೋರ್ಟ್ ತೋರಸ್ತೀನಿ. ಬಾಳ ಒಣಗಿದ ಭತ್ತ ತಗೊಂಡ್ರ ನುಚ್ಚು ಜಾಸ್ತಿ, ಪಾಲಿಶರ್ ಒತ್ತಡ ಜಾಸ್ತಿ ಆದ್ರೂ ನುಚ್ಚು, ರಬ್ಬರ್ ರೋಲ್ ಸವದ್ರ ಸಿಪ್ಪಿ ಬಿಡದ ಭತ್ತ ತಿರುಗಿ ತಿರುಗಿ ಬರ್ತೈತಿ, ಇದು ಅವ್ರಿಗೆ ನನಗಿಂತ ಚೊಲೊ ಗೊತ್ತು. ಲಾಟ್ ಲಾಟ್ ಜೋಡಿಸಿ ನೋಡಿ ತಪ್ಪು ಖರೀದ್ಯಾಗ ಐತೋ ಮಷಿನ್‌ನಾಗ ಐತೋ ಅಂತ ಸಾವ್ಕಾರ್ರಿಗೆ ಮ್ಯಾನೇಜರ್ ತಾವ ಹೇಳಿದ ದಿನದಿಂದ ಪುಸ್ತಕ ಕೇಳೋದು ಕಮ್ಮಿ ಆಗ್ತೈತಿ. ಪುಸ್ತಕದ ಲೆಕ್ಕ, ಕಂಪ್ಯೂಟರ್ ಲೆಕ್ಕ ಎರಡೂ ಕೂಡದಿದ್ರ ತೂಕದ ಕಾಟಾ ಚೀಟಿ ತಗದು ನೋಡ್ರಿ ಅಂತೀನಿ, ಬಾಳ ಸಲ ಒಂದ್ರಾಗ ಚೀಲದ ತೂಕ ಕಳದಿರ್ತಾರ, ಇನ್ನೊಂದ್ರಾಗ ಇಲ್ಲ.

ಇನ್ನೊಂದು, ಐಟಂ ಮತ್ತು ರೇಟ್ ಬದಲಾಯಿಸೋ ಅಧಿಕಾರ ಮ್ಯಾನೇಜರ್ ಕೈಗ ಕೊಡಸ್ತೀನಿ, ಸಾಫ್ಟ್‌ವೇರ್ ಕಂಪನಿಯವ್ರು ಒಪ್ಪಂಗಿಲ್ಲ ಅಂದ್ರ ಜಗಳ ಮಾಡಿಯಾದ್ರೂ. 2022 ಜುಲೈ 18ಕ್ಕ 25 ಕೆಜಿ ತನಕದ ಲೇಬಲ್ ಇರೋ ಪ್ಯಾಕ್ ಅಕ್ಕಿಗೆ 5% ಜಿಎಸ್‌ಟಿ ಬಂತಲ್ರಿ, ಮಾರ್ಕೆಟ್‌ನಾಗ ಟ್ಯಾಕ್ಸ್ ತಪ್ಪಿಸಾಕ 26 ಕೆಜಿ ಚೀಲ ಬಂದ್ವು. ಹೊಸ ಚೀಲ ತಾವ ಸೇರಿಸ್ಕೊಂಡ ಮ್ಯಾನೇಜರ್‌ಗೆ ಬಿಲ್ ನಿಲ್ಲಲಿಲ್ಲ, ಅಧಿಕಾರ ಇಲ್ಲದವ್ರು ಕಂಪನಿಗೆ ಫೋನ್ ಹಚ್ಚಿ ಕಾಯ್ಕೊಂತ ಕುಂತ್ರು.

2018 ಏಪ್ರಿಲ್‌ನಾಗ ಇ-ವೇ ಬಿಲ್ (ಸರಕು ಸಾಗಿಸಾಕ ಆನ್‌ಲೈನ್‌ನಾಗ ತಗಿಯೋ ಚೀಟಿ) ಬಂದಾಗ ಯಾರಿಗೂ ತಿಳಿಹೇಳೋ ಕೆಲಸ ಬೀಳಲಿಲ್ಲ, ಟ್ಯಾಕ್ಸ್ ಇರೋ ಬ್ರಾಂಡ್ ಅಕ್ಕಿ ಲಾರಿ ಬಿಲ್ ಇಲ್ದ ಗೇಟ್ ದಾಟಂಗಿಲ್ಲ ಅಂದಕೂಡ್ಲೆ ಎಲ್ಲಾರೂ ಕಲ್ತ್ರು. ಹಂಗ ಒತ್ತಾಯ ಇಲ್ಲದ ಸಾಫ್ಟ್‌ವೇರ್‌ಗೆ ಮಾತ್ರ ಇಷ್ಟೆಲ್ಲಾ ಉಪಚಾರ. ಅದ್ನೂ ನವೆಂಬರ್-ಡಿಸೆಂಬರ್‌ನಾಗ ಹೊಸ ಭತ್ತ ಬಂದು ಮಿಲ್ ಮುಂದ ಟ್ರ್ಯಾಕ್ಟರ್ ಸಾಲು ನಿಂತಾಗ ಶುರು ಮಾಡಬ್ಯಾಡ್ರಿ, ಕಾಲುವಿ ನೀರು ಬಂದು ನಾಟಿ ನಡೆದಾಗ ಮಿಲ್ಲಿನ್ಯಾಗ ಸ್ವಲ್ಪ ಪುರುಸೊತ್ತು ಇರ್ತೈತಿ, ಅದ ಚೊಲೊ ಟೈಮ್.

ಹಮಾಲಿ ಲೆಕ್ಕ ಮಾತ್ರ ಬಾಳ ಕಡೆ ಇನ್ನೂ ಪುಸ್ತಕದಾಗ ಐತಿ. ಹಮಾಲ್ರ ಮೇಸ್ತ್ರಿ ತನ್ನ ಮುಂದನ ಬರದದ್ದು ನೋಡಿ ಸಹಿ ಹಾಕಿ ರೊಕ್ಕ ಎಣಿಸ್ಕೊಂತಾನ, ಅದನ್ನ ಬದಲಾಯಿಸ್ರಿ ಅಂತ ಯಾವ ಮ್ಯಾನೇಜರ್‌ಗೂ ನಾನು ಹೇಳಾಕ ಹೋಗಿಲ್ಲ.