ಬಚ್ಚಲ ಒಲೆಯ ಬಿಸಿ ಹಂಡೆಗೇ ಸೇರಲಿ

ಮೂಡಿಗೆರೆ, ಸಕಲೇಶಪುರದ ಕಡೆ ಅನೇಕ ಮನೆಗಳಲ್ಲಿ ಸ್ನಾನದ ನೀರು ಕಾಯುವುದು ಇಂದಿಗೂ ಸೌದೆಯ ಒಲೆಯ ಮೇಲಿನ ಹಂಡೆಯಲ್ಲೇ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 10.5 ಮೆಗಾಜೂಲ್ ಶಾಖ ಬೇಕು. ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 15 ಮೆಗಾಜೂಲ್ ಇರುವುದರಿಂದ ಲೆಕ್ಕಕ್ಕೆ ಮುಕ್ಕಾಲು ಕಿಲೋ ಸಾಕು. ಆದರೆ ಹತ್ತರಲ್ಲಿ ಒಂದು ಪಾಲು ಶಾಖ ಮಾತ್ರ ನೀರಿಗೆ ಸೇರುವ ಒಲೆಗೆ ಏಳು ಕಿಲೋ ಬೇಕಾಗುತ್ತದೆ.

ಮೊದಲ ಕೆಲಸ ಸೌದೆಯದು, ಉಳಿದೆಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಮಳೆಗೆ ಮುಂಚೆ ಮರಗಸಿಯಲ್ಲಿ, ಅಂದರೆ ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಸವರುವಾಗ, ಬಿದ್ದ ಹಸಿ ಕೊಂಬೆಗಳನ್ನು ಅದೇ ಮಳೆಗಾಲದಲ್ಲಿ ಉರಿಸಿದರೆ, ಅವುಗಳೊಳಗಿನ ಪ್ರತಿ ಕಿಲೋ ನೀರನ್ನು ಆವಿಯಾಗಿಸಲು 2.6 ಮೆಗಾಜೂಲ್, ಅಂದರೆ ಸ್ನಾನದ ನೀರಿಗೆ ಬೇಕಾದ ಶಾಖದ ಕಾಲು ಭಾಗ, ವ್ಯರ್ಥವಾಗುತ್ತದೆ. ಹೊಗೆಯಂತೂ ಮನೆಯವರ ಕಣ್ಣಿಗೆ, ಶ್ವಾಸಕ್ಕೆ ಶಿಕ್ಷೆ. ಆದ್ದರಿಂದ ಈ ವರ್ಷದ ಸೌದೆಯನ್ನು ಮಣಿಕಟ್ಟಿನ ದಪ್ಪಕ್ಕೆ ಸೀಳಿ, ನೆಲದಿಂದ ಎತ್ತರಿಸಿ, ಗಾಳಿಯಾಡುವ ಸೂರಿನಡಿ ಒಟ್ಟಿ, ಮುಂದಿನ ವರ್ಷಕ್ಕೆ ಬಳಸಬೇಕು.

ಬಳಿಕ ಒಲೆಯೊಳಗೆ ಕಬ್ಬಿಣದ ಜಾಲರಿ ಕೂರಿಸಿ, ಕೆಳಗೆ ಬೂದಿ ಬೀಳಲು ಮತ್ತು ಗಾಳಿ ಬರಲು ಜಾಗ ಬಿಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯಲ್ಲಿಯೂ ಜಾಲರಿ, ಚಿಮಣಿ ಎರಡೂ ಇವೆ. ಹಂಡೆಗೂ ಒಲೆಯ ಗೋಡೆಗೂ ನಡುವೆ ಬೆರಳಿನಷ್ಟು ಸಂದು ಮಾತ್ರ ಇದ್ದರೆ ಬಿಸಿಗಾಳಿ ಹಂಡೆಯ ಮೈಗೆ ತಾಗಿಕೊಂಡೇ ಮೇಲೇರುತ್ತದೆ. ಸಂದು ದೊಡ್ಡದಾದಷ್ಟೂ ಶಾಖ ನೇರ ಚಿಮಣಿಗೆ ಹೋಗುತ್ತದೆ.

ಚಿಮಣಿಗೆ ತಗಡಿನ ತಡೆ ಹಾಕಿ ಬಿಸಿಗಾಳಿಯ ಸೆಳೆತ ಕಡಿಮೆ ಮಾಡಬಹುದು, ಆದರೆ ಕೆಂಡ ಇರುವಾಗ ಅದನ್ನು ಪೂರ್ತಿ ಮುಚ್ಚಲೇಬಾರದು: ಕಾರ್ಬನ್ ಮೊನಾಕ್ಸೈಡ್ ಬಚ್ಚಲಲ್ಲಿ ತುಂಬಿ ಜೀವಕ್ಕೇ ಅಪಾಯ.

ಹಂಡೆಯ ತಳದ ಮಸಿ ಶಾಖವನ್ನು ಒಳಕ್ಕೆ ಬಿಡದ ಕಾರಣ ವಾರಕ್ಕೊಮ್ಮೆ ಕೆರೆಯಿರಿ. ಹಂಡೆಗೆ ಮುಚ್ಚಳ ತಪ್ಪದೆ ಇರಲಿ.

ಬದಲಾವಣೆಗೆ ಮೊದಲು ಒಂದು ವಾರ, ಆಮೇಲೆ ಒಂದು ವಾರ, ಅಷ್ಟೇ ನೀರಿಗೆ ಸುಟ್ಟ ಸೌದೆಯನ್ನು ಕಾಫಿ ತೂಗುವ ತಕ್ಕಡಿಯಲ್ಲೇ ತೂಗಿ ಬರೆದಿಡಿ. ಎಲ್ಲಿ ಇನ್ನೂ ಶಾಖ ಸೋರುತ್ತಿದೆಯೆಂದು ಹುಡುಕಲು ಆ ಅಂಕಿಗಳೇ ಬೇಕಾಗುತ್ತವೆ.