ಆರ್ಕೇಡ್ ಕ್ಯಾಬಿನೆಟ್‌ಗೆ ದೊಡ್ಡ ಸಿಆರ್‌ಟಿ: ತಣ್ಣಗಿರುವಾಗಲೇ ಪರೀಕ್ಷಿಸಿ
ಮನೆಯಲ್ಲೇ ಆರ್ಕೇಡ್ ಕ್ಯಾಬಿನೆಟ್ (ನಿಂತು ಆಡುವ ಹಳೆಯ ವಿಡಿಯೋ ಗೇಮ್ ಯಂತ್ರದ ಪೆಟ್ಟಿಗೆ) ಮಾಡಲು 25 ಅಥವಾ 29 ಇಂಚಿನ, ಗಾಜಿನ ಪಿಕ್ಚರ್ ಟ್ಯೂಬ್ ಇರುವ ಹಳೆಯ ಸಿಆರ್‌ಟಿ ಟಿವಿ ಹುಡುಕುತ್ತಿದ್ದರೆ, ನೀವು ಹೋಗುವವರೆಗೆ ಸೆಟ್ ಆನ್ ಮಾಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿಡಿ. ಪೂರ್ತಿ ತಣ್ಣಗಿರುವಾಗಲೇ ಸ್ವಿಚ್ ಹಾಕಿ ನೋಡಿ. ಸವೆದ ಟ್ಯೂಬಿನ ಕ್ಯಾಥೋಡ್ ಸಾಕಷ್ಟು ಎಲೆಕ್ಟ್ರಾನ್ ಹೊಮ್ಮಿಸಲು ಸಮಯ ತೆಗೆದುಕೊಳ್ಳುವುದರಿಂದ ಚಿತ್ರ ಮೊದಲು ಮಂಕಾಗಿ, ಕೆಲವೊಮ್ಮೆ ಒಂದು ಬಣ್ಣವೇ ಇಲ್ಲದೆ ಮೂಡಿ, ನಿಧಾನವಾಗಿ ಸುಧಾರಿಸುತ್ತದೆ. ಬಿಸಿಯಾದ ಸೆಟ್ಟಿನಲ್ಲಿ ಈ ದೋಷ ಕಾಣುವುದಿಲ್ಲ. ಯಾರಾದರೂ ಒಳಗೆ ಸ್ಕ್ರೀನ್ ವೋಲ್ಟೇಜ್ (ಟ್ಯೂಬಿನ ಒಟ್ಟು ಹೊಳಪನ್ನು ಹೊಂದಿಸುವ ವೋಲ್ಟೇಜ್) ಏರಿಸಿ ಹೊಳಪು ತರಿಸಿದ್ದರೆ ಮಾತ್ರ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಆಗ ಕಪ್ಪು ದೃಶ್ಯ ಹಾಕಿ, ಓರೆಯಾದ ತೆಳು ಗೆರೆಗಳು ಕಾಣುತ್ತವೆಯೇ ನೋಡಿ; ಕಂಡರೆ ಹಾಗೆ ಏರಿಸಿರುವ ಸಂಭವವಿದೆ. 100 ಹರ್ಟ್ಸ್ ಎಂದು ಬರೆದಿರುವ ಸೆಟ್ ಎಷ್ಟೇ ಅಂದವಾಗಿದ್ದರೂ ಖಂಡಿತ ಬೇಡ: ಅದು ಚಿತ್ರವನ್ನು ಡಿಜಿಟಲ್ ಆಗಿ ಸಂಸ್ಕರಿಸುವುದರಿಂದ ಗುಂಡಿ ಒತ್ತಿದ್ದು ಪರದೆಯಲ್ಲಿ ತಡವಾಗಿ ಕಾಣುತ್ತದೆ. ಕಂಪ್ಯೂಟರಿನ ವಿಜಿಎ ಮಾನಿಟರಿನ ಸಾಲು ಆವರ್ತನ (ಸೆಕೆಂಡಿಗೆ ಬಿಡಿಸುವ ಅಡ್ಡಗೆರೆಗಳ ಸಂಖ್ಯೆ) ಸಾಮಾನ್ಯವಾಗಿ 31 ಕಿಲೋಹರ್ಟ್ಸ್‌ಗಿಂತ ಕೆಳಗೆ ಇಳಿಯುವುದಿಲ್ಲ; 1980ರ ದಶಕದ ಹೆಚ್ಚಿನ ಆರ್ಕೇಡ್ ಬೋರ್ಡುಗಳು (ಗೇಮಿನ ಸರ್ಕ್ಯೂಟ್ ಹಲಗೆಗಳು) ಕೊಡುವುದು ಸುಮಾರು 15 ಕಿಲೋಹರ್ಟ್ಸ್, ಹಾಗಾಗಿ ಆ ಮಾನಿಟರ್ ಇವಕ್ಕೆ ನೇರವಾಗಿ ಹೊಂದುವುದಿಲ್ಲ. ಹಿಂಬದಿಯಲ್ಲಿ ಹಸಿರು, ನೀಲಿ, ಕೆಂಪು ಕಾಂಪೊನೆಂಟ್ ಸಾಕೆಟ್ (ಚಿತ್ರದ ಸಂಕೇತವನ್ನು ಮೂರು ತಂತಿಗಳಲ್ಲಿ ಬೇರೆಬೇರೆಯಾಗಿ ಪಡೆಯುವ ಜಾಗ) ಇದ್ದರೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಕವಚ ಬಿಚ್ಚುವ ಕೆಲಸವನ್ನು ಮಾತ್ರ ದಯವಿಟ್ಟು ಬಲ್ಲ ಟಿವಿ ಮೆಕ್ಯಾನಿಕ್‌ಗೇ ಬಿಡಿ, ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.