ಅಳಗುಳಿ ಮಣೆಯಿಂದ ರೋಬೋಟ್ ಓಡಿಸಿದ ನನ್ನ ಅನುಭವ

ಹೋದ ದಸರಾ ರಜೆಯಿಂದ ಮಂಡ್ಯದ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಭಾನುವಾರ ಹನ್ನೊಂದು ಮಕ್ಕಳು ರೋಬೋಟ್ ಓಡಿಸುತ್ತಿದ್ದಾರೆ. ಒಬ್ಬರ ಕೈಯಲ್ಲೂ ಫೋನ್ ಇಲ್ಲ, ಕಂಪ್ಯೂಟರ್ ಇಲ್ಲ. ಎದುರಿಗೆ ಅಳಗುಳಿ ಮಣೆ ಇದೆ. ಏಳೇಳು ಗುಳಿಯ ಎರಡು ಸಾಲು. ಗುಳಿಯಲ್ಲಿ ಹುಣಸೆ ಬೀಜದ ಬದಲು ಚನ್ನಪಟ್ಟಣದ ಬಣ್ಣದ ಮರದ ಕಾಯಿ. ಹಸಿರು ಅಂದರೆ ಮುಂದೆ, ಹಳದಿ ಅಂದರೆ ಎಡಕ್ಕೆ, ಕೆಂಪು ಅಂದರೆ ಬಲಕ್ಕೆ. ಕಾಯಿ ಜೋಡಿಸಿ, ರೋಬೋಟಿಗೆ ವೈರ್ ಚುಚ್ಚಿ, ಗುಂಡಿ ಒತ್ತಿ, ವೈರ್ ತೆಗೆದರೆ ಸಾಕು. ಜೋಡಿಸಿದ ಕ್ರಮದಲ್ಲೇ ಅದು ನಡೆಯುತ್ತದೆ. ವೈರ್ ಚುಚ್ಚುವುದಕ್ಕೆ ಮಕ್ಕಳು "ಊಟ ಹಾಕೋದು" ಅಂತ ಹೆಸರಿಟ್ಟಿದ್ದಾರೆ.

ಇದು ಆಗುವ ಕೆಲಸ ಅಲ್ಲ ಅಂದವರು ಬಹಳ ಜನ. ಮೈಸೂರಿನ ಒಂದು ಶಾಲೆಯಲ್ಲಿ ಮೊದಲ ಮಾದರಿ ತೋರಿಸಿದಾಗ, "ಆ್ಯಪ್ ಇಲ್ಲದಿದ್ದರೆ ಪೋಷಕರು ಒಪ್ಪಲ್ಲ ಮೇಡಂ" ಅಂತ ವಾಪಸ್ ಕಳಿಸಿದರು. ರೋಬೋಟ್ ಕಿಟ್ ಕ್ಲಾಸ್ ನಡೆಸುವ ಗೆಳೆಯರೇ "ಇದು ಪ್ರೋಗ್ರಾಮಿಂಗ್ ಅಲ್ಲ, ಬರೀ ಕಾಯಿ ಆಟ" ಅಂದರು. ಅವರಿಗೆ ಒಂದು ಮಾತು. 1970ರ ದಶಕದಲ್ಲೇ ಅಮೆರಿಕದ ಎಂಐಟಿಯಲ್ಲಿ ರೇಡಿಯಾ ಪರ್ಲ್‌ಮನ್ ಪುಟ್ಟ ಮಕ್ಕಳಿಗಾಗಿ ಇಂಥದ್ದನ್ನೇ ಮಾಡಿದ್ದರು. ಕಾರ್ಡುಗಳನ್ನು ಸಾಲಾಗಿ ತೂರಿಸಿದರೆ ನೆಲದ ಮೇಲಿನ ಆಮೆ ರೋಬೋಟ್ ಆ ಕ್ರಮದಲ್ಲಿ ಓಡಾಡುತ್ತಿತ್ತು. ಅದೇ ಪರ್ಲ್‌ಮನ್ ಮುಂದೆ ಕಂಪ್ಯೂಟರ್ ನೆಟ್‌ವರ್ಕ್‌ಗಳಿಗೆ ಸಂದೇಶಗಳು ಸುತ್ತುತ್ತಲೇ ಸಿಕ್ಕಿಹಾಕಿಕೊಳ್ಳದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ವಿಧಾನ ಕೊಟ್ಟವರು. ಕಾಯಿ ಆಟ ಅಂತ ತಳ್ಳಿಹಾಕುವ ವಿಷಯ ಇದಲ್ಲ. ಹೊರದೇಶದ ಮರದ ರೋಬೋಟ್ ಆಟಿಕೆ ಕ್ಯೂಬೆಟ್ಟೊ ಕೂಡ ಇದೇ ದಾರಿಯದು. ಇಲ್ಲಿಗೆ ತರಿಸುವಷ್ಟರಲ್ಲಿ ಹದಿನೈದು ಸಾವಿರ ದಾಟುತ್ತಿತ್ತು. ನನ್ನದು ಎರಡು ಸಾವಿರದೊಳಗೆ ಮುಗಿಯುತ್ತದೆ.

ಒಳಗಿರುವುದು ರೋಬೋಟ್ ಮಾಡುವವರಿಗೆಲ್ಲ ಗೊತ್ತಿರುವ ಸಾಮಾನೇ. ಪ್ರತಿ ಕಾಯಿಯ ಹೊಟ್ಟೆಯಲ್ಲಿ ಕರೆಂಟ್ ತಡೆಯುವ ಒಂದು ರೆಸಿಸ್ಟರ್, ಒಂದೊಂದು ಬಣ್ಣಕ್ಕೆ ಒಂದೊಂದು ಅಳತೆಯದು. ಮಣೆಯ ಹದಿನಾಲ್ಕು ಗುಳಿಗಳನ್ನು 4067 ಮಲ್ಟಿಪ್ಲೆಕ್ಸರ್ ಅನ್ನುವ ಚಿಪ್ ಒಂದೊಂದಾಗಿ ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ತೋರಿಸುತ್ತದೆ. ಹೋಲಿಸಿ ನೋಡಲು 10ಕೆ, ಅಂದರೆ ಹತ್ತು ಸಾವಿರ ಓಮಿನ ಪುಲ್-ಅಪ್ ರೆಸಿಸ್ಟರ್. ಬಂದ ಅಂಕಿ ನೋಡಿ ಯಾವ ಕಾಯಿ ಅಂತ ತಿಳಿಯುತ್ತದೆ. ರೋಬೋಟಿನಲ್ಲಿ ಇನ್ನೊಂದು ನ್ಯಾನೊ ಇದೆ. ಕಾಗದದ ಮೇಲೆ ಒಂದು ಸಂಜೆಯ ಕೆಲಸ. ನನಗೆ ಹಿಡಿದದ್ದು ಸುಮಾರು ಒಂದೂವರೆ ವರ್ಷ.

ಮೊದಲ ಪೆಟ್ಟು ಬಿದ್ದದ್ದು ಕಾಯಿ ಮತ್ತು ಗುಳಿ ಮುಟ್ಟುವ ಜಾಗದಲ್ಲಿ. ಅಲ್ಯೂಮಿನಿಯಂ ಹಾಳೆ ಅಂಟಿಸಿದೆ, ಎರಡೇ ದಿನಕ್ಕೆ ಹರಿಯಿತು. ಆಮೇಲೆ ಪುಟ್ಟ ನಿಯೋಡಿಮಿಯಂ ಆಯಸ್ಕಾಂತ ತರಿಸಿದೆ. ಕಾಯಿ ತಾನಾಗೇ ಕಚ್ಚಿ ಕೂರುತ್ತದೆ, ಕರೆಂಟೂ ಹರಿಯುತ್ತದೆ ಅನ್ನುವ ಲೆಕ್ಕ. ನೂರು ತುಂಡಿಗೆ ಆರುನೂರು ರೂಪಾಯಿ. ಬೆಸುಗೆ ಹಾಕಿದರೆ ಒಂದೂ ಕಚ್ಚಲಿಲ್ಲ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ನನ್ನ ಸೋಲ್ಡರಿಂಗ್ ಐರನ್ ಇದ್ದದ್ದು 350ರಲ್ಲಿ. ಬೆಸುಗೆ ಇಲ್ಲದೆ ಅಂಟಿಸುವ ದಾರಿ ಹುಡುಕಬಹುದಿತ್ತು. ಅಷ್ಟರಲ್ಲಿ ಒಂದು ಕಾಯಿಯಿಂದ ಆಯಸ್ಕಾಂತ ಕಳಚಿ ಬಿದ್ದಿತ್ತು, ನನ್ನ ನಾಲ್ಕು ವರ್ಷದ ಸೋದರಳಿಯ ಅದನ್ನು ಬಾಯಿಗೆ ಹಾಕಿಕೊಳ್ಳಲು ಹೊರಟಿದ್ದ. ಎರಡು ಆಯಸ್ಕಾಂತ ನುಂಗಿದರೆ ಕರುಳನ್ನೇ ಮಧ್ಯೆ ಹಿಡಿದು ಒತ್ತುತ್ತವೆ, ಆಪರೇಷನ್ನೇ ಬೇಕಾಗಬಹುದು. ಅವತ್ತೇ ಎಲ್ಲ ಕಟ್ಟಿಟ್ಟೆ. ಮಕ್ಕಳ ಆಟಿಕೆ ಮಾಡುವವರು ದಯವಿಟ್ಟು ಆ ಕಡೆ ಹೋಗಬೇಡಿ.

ದಾರಿ ಸಿಕ್ಕಿದ್ದು ಅಮ್ಮನ ಹೊಲಿಗೆ ಡಬ್ಬಿಯಲ್ಲಿ. ಟಿಚ್ ಬಟನ್. ರವಿಕೆಗೆ ಹಾಕುವುದೇ. ಗಂಡು ಭಾಗ ಕಾಯಿಗೆ, ಹೆಣ್ಣು ಭಾಗ ಗುಳಿಗೆ, ಒಂದೊಂದಕ್ಕೆ ಎರಡು ಜೊತೆ. ರೆಸಿಸ್ಟರಿಗೆ ಪ್ಲಸ್ ಮೈನಸ್ ಇಲ್ಲವಲ್ಲ, ಹಾಗಾಗಿ ಮಗು ಕಾಯಿಯನ್ನು ಅತ್ತಿತ್ತ ತಿರುಗಿಸಿ ಕೂರಿಸಿದರೂ ನಡೆಯುತ್ತದೆ. ಬೆಸುಗೆ ಹಿಡಿಯಬೇಕಾದರೆ ಮೇಲಿನ ಹೊಳಪನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಬೇಕು, ಫ್ಲಕ್ಸ್ ಜಾಸ್ತಿ ಹಾಕಬೇಕು. ಒಂದೇ ತೊಂದರೆ, ಹೊಸ ಟಿಚ್ ಬಟನ್ ಬಲು ಬಿಗಿ. ಐದು ವರ್ಷದ ಮಗು ಎಳೆದರೆ ಕಾಯಿಯ ಜೊತೆ ಮಣೆಯೇ ಮೇಲೆ ಬರುತ್ತಿತ್ತು. ಹೆಣ್ಣು ಭಾಗದ ಒಳಗಿನ ಸ್ಪ್ರಿಂಗನ್ನು ಹದಕ್ಕೆ ತಂದ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಮೂರು ತಿಂಗಳು ಕೊಟ್ಟಿದ್ದೇನೆ.

ಎಲ್ಲ ಕೂತಿತು ಅಂದುಕೊಂಡಾಗ ರೋಬೋಟ್ ಸುಳ್ಳು ಹೇಳಲು ಶುರು ಮಾಡಿತು. ಹಸಿರು ಕಾಯಿ ಇಟ್ಟರೆ ಎಡಕ್ಕೆ ತಿರುಗುತ್ತಿತ್ತು. ಅದೂ ಸಂಜೆ ಹೊತ್ತಲ್ಲೇ ಜಾಸ್ತಿ. ಒಂದು ವಾರ ಕೋಡ್ ತಿದ್ದಿದೆ. ಆಮೇಲೆ ನೋಡಿದರೆ ಮಕ್ಕಳು ಸಂಜೆ ಕೋಡುಬಳೆ ತಿಂದು, ಕೈ ಒರೆಸಿಕೊಳ್ಳದೆ ಕಾಯಿ ಹಿಡಿಯುತ್ತಿದ್ದರು. ಎಣ್ಣೆ, ಕೊಳೆ ಸೇರಿ ಟಿಚ್ ಬಟನ್ನಿನಲ್ಲೇ ಕೆಲವು ನೂರು ಓಮ್ ತಡೆ ಹುಟ್ಟುತ್ತಿತ್ತು. 22ಕೆ ರೆಸಿಸ್ಟರ್ ಇರುವ ಕಾಯಿಗೆ ಅದು ಲೆಕ್ಕಕ್ಕೇ ಇಲ್ಲ. ಹಸಿರು ಕಾಯಿಯಲ್ಲಿ ಇದ್ದದ್ದು 1ಕೆ. ಅದು 1.6ಕೆ ಆದರೆ ಪಕ್ಕದ 2.2ಕೆ ಹಳದಿಯ ಕಡೆ ವಾಲುತ್ತದೆ, ಅಲ್ವಾ. ಜಾಸ್ತಿ ಬಳಸುವ ಕಾಯಿಗೇ ಅತಿ ಸಣ್ಣ ರೆಸಿಸ್ಟರ್ ಕೊಟ್ಟಿದ್ದೆ. 1ಕೆ, 2.2ಕೆ ಎರಡನ್ನೂ ಕಿತ್ತು ಹಾಕಿ, ಎಲ್ಲವನ್ನೂ 4.7ಕೆ ಮೇಲಕ್ಕೆ ಏರಿಸಿದೆ. ಅಂದಿನಿಂದ ತಪ್ಪು ಓದಿದ್ದು ಬೆರಳೆಣಿಕೆಯಷ್ಟು.

ಕಾಯಿ ಮಾಡಿಸಲು ಬೆಂಗಳೂರಿನ ರೈಲು ಹತ್ತಿ ಚನ್ನಪಟ್ಟಣಕ್ಕೆ ಹೋದೆ. ಹಾಲೆ ಮರ, ಅರಗಿನ ಬಣ್ಣ. ಅಲ್ಲಿ ಲೇತ್ ಮೇಲೆ ಕೂತಿದ್ದ ಹಿರಿಯರು ನನ್ನ ಚಿತ್ರ ನೋಡಿ "ಏನಮ್ಮ ಇದು, ಚದುರಂಗದ ಕಾಯಾ?" ಅಂದರು. "ಅಲ್ಲಣ್ಣ, ರೋಬೋಟಿನ ಊಟ" ಅಂದೆ. ತಳ ಚಪ್ಪಟೆ ಇರಬೇಕು, ಹೊಟ್ಟೆಯಲ್ಲಿ ತೂತು ಇರಬೇಕು ಅಂದಾಗ ಮೊದಲು ಒಪ್ಪಲಿಲ್ಲ, ಮರ ಸೀಳುತ್ತೆ ಅಂದರು. ಕೊನೆಗೆ ತೂತನ್ನು ಮೊದಲು ಕೊರೆದು ಆಮೇಲೆ ಕಡೆಯುವ ಉಪಾಯ ಅವರೇ ಹೇಳಿದರು. ಒಂದು ಕಾಯಿಗೆ ಹದಿನಾಲ್ಕು ರೂಪಾಯಿ ಆಯಿತು. ವಾಪಸ್ ಬರುವಾಗ ಮದ್ದೂರಲ್ಲಿ ವಡೆ ತಿಂದೆ, ಅವತ್ತಿನಷ್ಟು ರುಚಿ ಇನ್ನೊಂದು ದಿನ ಸಿಕ್ಕಿಲ್ಲ.

ಈಗ ನಾನು ತುಂಬ ಹೆಮ್ಮೆ ಪಡುವ ವಿಷಯ. ಬಿಓ ಮೋಟರ್, ಅಂದರೆ ಪ್ಲಾಸ್ಟಿಕ್ ಗೇರಿನ ಅಗ್ಗದ ಮೋಟರ್ ಹಾಕಿದ ರೋಬೋಟ್ ನೆಟ್ಟಗೆ ಹೋಗುವುದಿಲ್ಲ, ಸರಿಯಾಗಿ ತಿರುಗುವುದಿಲ್ಲ. ಇದು ರೋಬೋಟ್ ಮಾಡುವ ನಮ್ಮೆಲ್ಲರ ಗೋಳು. ಸಮಯ ಲೆಕ್ಕ ಹಾಕಿ ತಿರುಗಿಸಿದರೆ, ಬೆಳಿಗ್ಗೆ 90 ಡಿಗ್ರಿ ತಿರುಗಿದ್ದು ಸೆಲ್ ಇಳಿದ ಮೇಲೆ 70ಕ್ಕೆ ನಿಲ್ಲುತ್ತದೆ. ಮಗುವಿಗೆ ತನ್ನ ಪ್ರೋಗ್ರಾಂ ತಪ್ಪೋ ರೋಬೋಟ್ ತಪ್ಪೋ ಗೊತ್ತಾಗಬೇಕಲ್ಲ? ಅದು ಗೊತ್ತಾಗದಿದ್ದರೆ ಕಲಿಯುವುದು ಏನನ್ನು? ಹಾಗಾಗಿ ಚಕ್ರ ಎಷ್ಟು ತಿರುಗಿತು ಅಂತ ಎಣಿಸಲು 20 ಸೀಳಿನ ಎನ್‌ಕೋಡರ್ ತಟ್ಟೆ ಹಾಕಿದೆ. 65 ಎಂ.ಎಂ. ಚಕ್ರದ ಸುತ್ತಳತೆ ಸುಮಾರು 204 ಎಂ.ಎಂ. ಅಂದರೆ ಒಂದು ಸೀಳಿಗೆ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ಮುಂದೆ ಹೋಗುವ ಲೆಕ್ಕ ಹೀಗೆ ಸುಲಭವಾಯಿತು.

ತಿರುಗುವ ಲೆಕ್ಕ ಮಾತ್ರ ಕೂರುತ್ತಿರಲಿಲ್ಲ. ಎಂಟು ಸೀಳಿಗೆ ಕಡಿಮೆ, ಒಂಬತ್ತಕ್ಕೆ ಜಾಸ್ತಿ. ಅರ್ಧ ಸೀಳು ಎಣಿಸಲು ಆಗುವುದಿಲ್ಲ. ಒಂದು ರಾತ್ರಿ ಮಗಳ ಕಂಪಾಸ್ ಹಿಡಿದು ನೆಲದ ಮೇಲೆ ಗೀಚುತ್ತಾ ಕೂತಾಗ ಹೊಳೆಯಿತು. ನಾನು ಸೀಳನ್ನು ಯಾಕೆ ಹೊಂದಿಸಬೇಕು? ರೋಬೋಟಿನ ಅಗಲವನ್ನೇ ಬದಲಿಸಬಹುದಲ್ಲ! ಎರಡು ಚಕ್ರಗಳ ನಡುವಿನ ಅಂತರ ಚಕ್ರದ ವ್ಯಾಸದ ಸರಿಯಾಗಿ ಎರಡರಷ್ಟು ಇದ್ದರೆ, ಒಂದು ಮುಂದಕ್ಕೆ ಒಂದು ಹಿಂದಕ್ಕೆ ಅರ್ಧ ಸುತ್ತು ತಿರುಗಿದಾಗ ರೋಬೋಟ್ ನಿಂತಲ್ಲೇ 90 ಡಿಗ್ರಿ ತಿರುಗುತ್ತದೆ. 65 ಎಂ.ಎಂ. ಚಕ್ರಕ್ಕೆ 130 ಅಂತರ. ಅರ್ಧ ಸುತ್ತು ಅಂದರೆ ಹತ್ತು ಸೀಳು. ಮಾಡಿ ನೋಡಿ, ಲೆಕ್ಕದಲ್ಲಿ ಒಂದು ಕೂದಲೆಳೆಯೂ ಉಳಿಯುವುದಿಲ್ಲ.

ಅಷ್ಟು ಹೊತ್ತಿಗೆ ರೋಬೋಟಿನ ತಳಕ್ಕೆ ಹಳೇ ಅಳತೆಯ ನಲವತ್ತು ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ತಟ್ಟೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಲೇಸರ್‌ನಲ್ಲಿ ಕತ್ತರಿಸಿ ಬಂದಿದ್ದವು. 2,400 ರೂಪಾಯಿ ಹೋಯಿತು. ಹೋಗಲಿ ಅಂದುಕೊಂಡೆ.

ಸೀಳು ಎಣಿಸುವ ಸೆನ್ಸರ್ ಮಾಡ್ಯೂಲ್ ಒಂದು ಸೀಳನ್ನು ಎರಡು ಮೂರು ಸಲ ಎಣಿಸಿದರೆ ಕೋಡ್ ಬೈಯಬೇಡಿ. ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ 104 ಅಂತ ಬರೆದಿರುವ (0.1 ಮೈಕ್ರೊಫ್ಯಾರಡ್) ಕೆಪಾಸಿಟರ್ ಹಾಕಿ. ಇನ್ನೊಂದು ಎಚ್ಚರ. ಹಳದಿ ಬಿಓ ಮೋಟರುಗಳು 100 ಆರ್‌ಪಿಎಂ ಆದರೂ 300 ಆದರೂ ಹೊರಗಿನಿಂದ ನೋಡಲು ಒಂದೇ. ಒಬ್ಬ ಮಾರಾಟಗಾರ ಕಳಿಸಿದ ಇಪ್ಪತ್ತರಲ್ಲಿ ಆರು ಬೇರೆ ಜಾತಿಯವು ಇದ್ದವು, ವಾಪಸ್ ತಗೊಳ್ಳಲಿಲ್ಲ. ಈಗ ಬೆಂಗಳೂರಿನ ಎಸ್.ಪಿ. ರೋಡಿಗೆ ನಾನೇ ಹೋಗುತ್ತೇನೆ. ಸೆಲ್ ಹೋಲ್ಡರ್ ಜೊತೆಯಲ್ಲೇ ಒಯ್ದು, ಅಂಗಡಿಯಲ್ಲೇ ಪ್ರತಿ ಮೋಟರ್ ತಿರುಗಿಸಿ ನೋಡಿ ತರುತ್ತೇನೆ.

ಕರೆಂಟಿನ ಕತೆಯೂ ದೊಡ್ಡದು. 9 ವೋಲ್ಟ್ ಚೌಕ ಬ್ಯಾಟರಿಯಿಂದ ಮೋಟರ್ ಓಡಿಸುವ ಆಸೆ ಯಾರಿಗೂ ಬೇಡ. ಹಳೇ ಲ್ಯಾಪ್‌ಟಾಪಿನ 18650 ಲಿಥಿಯಂ ಸೆಲ್ ಚೆನ್ನಾಗಿ ಓಡಿತು. ಆದರೆ ಶಾರ್ಟ್ ಆದರೆ ಬೆಂಕಿ, ಮಕ್ಕಳ ಕೈಗೆ ಕೊಡಲು ಮನಸ್ಸು ಬರಲಿಲ್ಲ. ನಾಲ್ಕು ಚಾರ್ಜಬಲ್ ಪೆನ್ಸಿಲ್ ಸೆಲ್ ಹಾಕಿದೆ, 4.8 ವೋಲ್ಟ್. ಮೋಟರ್ ನಡೆಸುವ ಎಲ್293ಡಿ ಚಿಪ್ ಅದರಲ್ಲೇ ಒಂದೂವರೆ ಎರಡು ವೋಲ್ಟ್ ತಿಂದು ಹಾಕಿತು. ಮೋಟರ್ ಗುಂಯ್ ಅಂತಿತ್ತೇ ಹೊರತು ಕದಲುತ್ತಿರಲಿಲ್ಲ. ಡಿಆರ್‌ವಿ8833 ಚಿಪ್ ಅದರ ಜಾಗಕ್ಕೆ ಬಂದ ಮೇಲೆ ಜೀವ ಬಂತು. ಮೋಟರ್ ಹೊರಡುವಾಗ ನ್ಯಾನೊ ರೀಸೆಟ್ ಆಗುತ್ತಿದ್ದದ್ದು 470 ಮೈಕ್ರೊಫ್ಯಾರಡ್ ಕೆಪಾಸಿಟರಿಗೆ ನಿಂತಿತು. ಮಣೆಗೆ ಪವರ್ ಬ್ಯಾಂಕ್ ಕೊಟ್ಟು ನೋಡಿದೆ. ಮಣೆ ಎಳೆಯುವ ಕರೆಂಟ್ ತೀರ ಕಡಿಮೆ, ಬಳಕೆಯೇ ಇಲ್ಲ ಅಂದುಕೊಂಡು ಪವರ್ ಬ್ಯಾಂಕ್ ಅರ್ಧ ನಿಮಿಷಕ್ಕೆ ಮಲಗುತ್ತಿತ್ತು. ಅಲ್ಲೂ ಪೆನ್ಸಿಲ್ ಸೆಲ್ಲೇ ಗಟ್ಟಿ.

ದಸರಾದಲ್ಲಿ ಬೊಂಬೆ ಕೂರಿಸಿದಾಗ ಮಗಳು ಜಂಬೂ ಸವಾರಿ ಆಗಲೇಬೇಕು ಅಂತ ಹಟ ಹಿಡಿದಳು. ಮೈಸೂರಿನ ಚಿನ್ನದ ಅಂಬಾರಿ ಸುಮಾರು 750 ಕೆ.ಜಿ. ನಮ್ಮದು ಅರ್ಧ ಕೆ.ಜಿ.ಗೆ ಮೇಲಿದ್ದ ಮರದ ಆನೆ. ರೋಬೋಟ್ ಬೆನ್ನ ಮೇಲೆ ಕೂರಿಸಿ ಕೆಳಗಿನ ಮೆಟ್ಟಿಲ ಮೇಲೆ ಬಿಟ್ಟೆವು. ಹಾಸಿದ್ದ ಬಟ್ಟೆಯಲ್ಲಿ ಆಸರೆಯ ಪುಟ್ಟ ಕ್ಯಾಸ್ಟರ್ ಚಕ್ರ ಸಿಕ್ಕಿ, ಮೋಟರಿನ ಚಕ್ರ ನಿಂತಲ್ಲೇ ಜಾರುತ್ತಿತ್ತು. ಸೀಳು ಮಾತ್ರ ಎಣಿಸುತ್ತಲೇ ಇತ್ತು. ಪ್ಲೈವುಡ್ ಹಾಸಿದೆ, ಆನೆಯನ್ನು ಹಿಂದಕ್ಕೆ ಸರಿಸಿ ಭಾರವೆಲ್ಲ ಅಚ್ಚಿನ ಮೇಲೆ ಬರುವಂತೆ ಮಾಡಿದೆ. ಆನೆ ಗಂಭೀರವಾಗಿ ನಡೆಯಿತು. ಬೀದಿಯವರೆಲ್ಲ ಬಂದು ನೋಡಿದರು. ಅದನ್ನು ನೋಡಿ ಮಾಮೂಲಿ ರೋಬೋಟಿನಲ್ಲೂ ಸೆಲ್ ಡಬ್ಬಿಯನ್ನು ಅಚ್ಚಿನ ಮೇಲಕ್ಕೆ ತಂದೆ. ತಿರುವಿನಲ್ಲಿ ಉಳಿದಿದ್ದ ಎರಡು ಮೂರು ಡಿಗ್ರಿ ತಪ್ಪೂ ಬಹುಪಾಲು ಹೋಯಿತು.

ಆಮೇಲೆ ಎರಡು ಚಕ್ರಗಳ ಸರಿ ಮಧ್ಯದಲ್ಲಿ ತೂತು ಕೊರೆದು ಸೀಮೆಸುಣ್ಣ ಸಿಕ್ಕಿಸಿದೆ, ರಂಗೋಲಿ ಬಿಡಿಸಲು. ನಮ್ಮ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಚೌಕ ಶುರುವಾದಲ್ಲಿಗೇ ಬಂದು ಮುಚ್ಚುತ್ತದೆ. ವಿಟ್ರಿಫೈಡ್ ಟೈಲ್ಸ್ ಮೇಲೆ ಒಂದು ಬೆರಳು ತಪ್ಪುತ್ತದೆ. ಮಣೆಯ ಕೆಳಸಾಲಿನ ಉಪಯೋಗ ಮಕ್ಕಳಿಗೆ ಅರ್ಥವಾದದ್ದು ಇದರಿಂದಲೇ. ಕೆಳಸಾಲಿನಲ್ಲಿ "ಮುಂದೆ, ಬಲಕ್ಕೆ" ಇಟ್ಟು, ಮೇಲುಸಾಲಿನಲ್ಲಿ ನಾಲ್ಕು ನೀಲಿ ಕಾಯಿ ಇಟ್ಟರೆ ಚೌಕ. ನೀಲಿ ಅಂದರೆ "ಕೆಳಸಾಲು ಮಾಡಿ ಬಾ".

ಎಂಟು ವರ್ಷದ ಒಂದು ಹುಡುಗಿ ಒಂದು ಭಾನುವಾರ ನೀಲಿ ಕಾಯಿಯನ್ನು ಕೆಳಸಾಲಿನ ಕೊನೆಯಲ್ಲೇ ಇಟ್ಟಳು. ರೋಬೋಟ್ ಚೌಕದ ಮೇಲೆ ಚೌಕ ಸುತ್ತಿತು, ನಿಲ್ಲಲೇ ಇಲ್ಲ. "ಆಂಟಿ, ಅದು ಅದನ್ನೇ ಕರೀತಾ ಇದೆ" ಅಂದಳು. ನಾನು ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ನನಗೆ ಮೈ ಜುಂ ಅಂದಿತು. ಆದರೆ ಹತ್ತಾರು ಸುತ್ತಿನ ಮೇಲೆ ರೋಬೋಟ್ ಹುಚ್ಚೆದ್ದಂತೆ ಗಿರಗಿರ ತಿರುಗಿ ನಿಂತಿತು. ನಾನು ಕೋಡ್‌ನಲ್ಲೂ ಹಾಗೇ, ಫಂಕ್ಷನ್ ತನ್ನನ್ನೇ ಕರೆಯುವ ಹಾಗೆ ಬರೆದಿದ್ದೆ. ಪ್ರತಿ ಸಲ ಕರೆದಾಗಲೂ ಅದು ಸ್ವಲ್ಪ ನೆನಪಿನ ಜಾಗ ಹಿಡಿಯುತ್ತದೆ. ನ್ಯಾನೊದಲ್ಲಿ ಇರುವುದು ಬರೀ 2 ಕೆಬಿ ರ‍್ಯಾಮ್, ತುಂಬಿ ಹೋಯಿತು. ಅವತ್ತು ರಾತ್ರಿಯೇ ತಿದ್ದಿದೆ. ಈಗ ಸೆಲ್ ಮುಗಿಯುವವರೆಗೂ ಸುತ್ತುತ್ತದೆ.

ಖರ್ಚು ಕೇಳುತ್ತೀರಿ, ಗೊತ್ತು. ಕೆಲಸ ಆಗುವ ಮುಂಚೆ ಕೈಬಿಟ್ಟು ಹೋದದ್ದು ಸುಮಾರು ಮೂವತ್ತು ಸಾವಿರ, ಹೆಚ್ಚಿನದು ಚೀಟಿ ಎತ್ತಿದ ದುಡ್ಡು. ಈಗ ರೋಬೋಟಿಗೆ ಸಾವಿರದ ಐವತ್ತರ ಆಸುಪಾಸು, ಅದರಲ್ಲಿ ಸೆಲ್ಲೇ ನಾನೂರರ ಹತ್ತಿರ. ಮಣೆ ಮತ್ತು ಇಪ್ಪತ್ತು ಕಾಯಿಗೆ ಎಂಟುನೂರ ಅರವತ್ತು. ನಾಲ್ಕು ಸೆಟ್ ತಲಾ 2,800ಕ್ಕೆ ಮಾರಿದ್ದೇನೆ. ತಗೊಂಡವರಲ್ಲಿ ಇಬ್ಬರು "ಕಾಯಿ ಆಟ" ಅಂದ ಗೆಳೆಯರೇ.

ಪುಟ್ಟ ಕೈಗಳಿಗೆ ಇದು ಇನ್ನೂ ದಪ್ಪವಾಯಿತು. ಮುಂದಿನದಕ್ಕೆ ಇನ್ನೂ ಪುಟ್ಟದಾದ ಎನ್20 ಮೋಟರ್, 43 ಎಂ.ಎಂ. ಚಕ್ರ ತಂದಿಟ್ಟಿದ್ದೇನೆ. ಚಕ್ರ 43 ಆದರೆ ನಡುವಿನ ಅಂತರ 86. ಈ ಸಲ ನಲವತ್ತು ಕತ್ತರಿಸಿಲ್ಲ, ಒಂದೇ ತಟ್ಟೆ ಕೊಟ್ಟಿದ್ದೇನೆ. ಸೋಮವಾರ ಬರುತ್ತದೆ.